ಕಂತು ಬೇಗ, ಫಲ ತಡ: ಕಟ್ಟಡ ವಿದ್ಯೆಯ ಸಾಲವನ್ನು ಹೊಸಪೇಟೆ ಸೀಮೆಯಲ್ಲಿ ತೂಗಿದಾಗ

(ದತ್ತಿ ಉಪನ್ಯಾಸದ ಪಠ್ಯ)



ಪಿಯುಸಿ ಫಲಿತಾಂಶ ಬಂದು, ಸಿಇಟಿ ರ‍್ಯಾಂಕ್ ಕೈಗೆ ಸಿಕ್ಕಿ, ಆರ್ಕಿಟೆಕ್ಚರ್ ಪ್ರವೇಶಕ್ಕೆ ಬೇಕಾದ ನಾಟಾ ಅಂಕವೂ ಗೊತ್ತಾದ ಮೇಲೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು ಸುತ್ತುತ್ತದೆ: ಸಿವಿಲ್ ಎಂಜಿನಿಯರಿಂಗೋ, ಆರ್ಕಿಟೆಕ್ಚರೋ? ಮಗಳ ಮನಸ್ಸು ಚಿತ್ರದ ಕಡೆ, ಅಪ್ಪನ ಮನಸ್ಸು ಸರ್ಕಾರಿ ನೌಕರಿಯ ಕಡೆ, ಅವ್ವನ ಕಣ್ಣು ಟ್ರಂಕಿನಲ್ಲಿರುವ ಬಂಗಾರದ ಕಡೆ. ಸೀಟು ಎಲ್ಲಿ ಸಿಗುತ್ತದೆ, ಹಾಸ್ಟೆಲ್ ಹೇಗಿದೆ, ಕ್ಯಾಂಪಸ್ ಸೆಲೆಕ್ಷನ್ ಇದೆಯೇ ಎಂಬ ವಿಚಾರಣೆಯೆಲ್ಲ ನಡೆಯುತ್ತದೆ. ಕೋರ್ಸ್ ಮುಗಿದು ಹದಿಮೂರನೇ ತಿಂಗಳಿಗೆ ಬ್ಯಾಂಕಿನ ಕಂತು ಎಷ್ಟು, ಆ ತಿಂಗಳು ಕೈಗೆ ಬರುವ ಸಂಬಳ ಎಷ್ಟು ಎಂಬುದನ್ನು ಮಾತ್ರ ಕೇಳುವವರು ವಿರಳ. ಈ ಉಪನ್ಯಾಸದ ವಿಷಯ ಅದೊಂದೇ.

ಒಂದೇ ಕಟ್ಟಡ, ಎರಡು ಪದವಿ

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರಲ್ ಎಂಜಿನಿಯರಿಂಗ್ ಎಂಬ ಐದು ವರ್ಷದ ಪದವಿಯೇ ಇದೆ. ಕಟ್ಟಡದ ಕಂಬ, ತೊಲೆ, ಬೆಳಕು, ಗಾಳಿ, ವಿದ್ಯುತ್ತು ಎಲ್ಲವನ್ನೂ ಒಬ್ಬರಿಗೇ ಕಲಿಸುವುದು ಅದರ ಉದ್ದೇಶ. ನಮ್ಮಲ್ಲಿ ಆ ವಿದ್ಯೆ ಹೆಚ್ಚಾಗಿ ಎರಡು ಪದವಿಗಳಲ್ಲಿ ಹಂಚಿಹೋಗಿದೆ. ಬಿಇ ಸಿವಿಲ್ ನಾಲ್ಕು ವರ್ಷ, ಬಿ.ಆರ್ಕ್ ಐದು ವರ್ಷ.

ಸಿವಿಲ್ ಓದಲು ಈ ಸೀಮೆಯ ಮಕ್ಕಳು ಬಹು ದೂರ ಹೋಗಬೇಕಿಲ್ಲ. ಹೊಸಪೇಟೆಯಲ್ಲೇ 1997ರಿಂದ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯವಿದೆ. ಬಳ್ಳಾರಿಯಲ್ಲಿ 1980ರಲ್ಲಿ ಶುರುವಾಗಿ, ಈಗ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಅವರ ಹೆಸರು ಹೊತ್ತಿರುವ ಕಾಲೇಜಿದೆ. ಕಂಪ್ಲಿಯ ಹುಡುಗ ಬಸ್ ಪಾಸ್ ಮಾಡಿಸಿಕೊಂಡು, ಬುತ್ತಿ ಕಟ್ಟಿಕೊಂಡು ಓದಿ ಬರಬಹುದು. ಆರ್ಕಿಟೆಕ್ಚರ್ ಎಂದೊಡನೆ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಅಥವಾ ಬೆಂಗಳೂರಿನ ಹೆಸರು ಬರುತ್ತದೆ. ಅಲ್ಲಿಂದ ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲು ಶುರು. ಒಳ್ಳೆಯ ಲ್ಯಾಪ್‌ಟಾಪ್ ಬೇಕು, ಪ್ರತಿ ಸೆಮಿಸ್ಟರಿನ ಜ್ಯೂರಿಗೆ ದೊಡ್ಡ ಹಾಳೆಯ ಪ್ರಿಂಟು ಬೇಕು, ಮಾಡೆಲ್ ಮಾಡಲು ಫೋಮ್‌ಬೋರ್ಡು ಬೇಕು, ಸ್ಟಡಿ ಟೂರಿಗೆ ದುಡ್ಡು ಬೇಕು. ಈ ಟೂರುಗಳಲ್ಲಿ ಎಷ್ಟೋ ಹಂಪಿಗೇ ಬರುತ್ತವೆ. ಹಂಪಿಯ ಮಗ್ಗುಲಲ್ಲಿ ಹುಟ್ಟಿದ ಹುಡುಗಿ ಬೆಂಗಳೂರಿಗೆ ಫೀಸು ಕಟ್ಟಿ, ಅಲ್ಲಿಂದ ಬಸ್ ಚಾರ್ಜು ಕೊಟ್ಟು, ತನ್ನೂರಿನ ಕಲ್ಲುಮಂಟಪವನ್ನು ಅಳೆದು ನಕ್ಷೆ ಬರೆಯಲು ಬರುವುದುಂಟು.

ಕಾನೂನಿನಲ್ಲೂ ಒಂದು ತೊಡಕಿದೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳಬಹುದು. ಆದರೆ ಆ ಕಾಯ್ದೆಯ 37ನೇ ಕಲಂ ಬಿರುದಿಗೆ ಮಾತ್ರ ರಕ್ಷಣೆ ಕೊಡುತ್ತದೆ, ಕಟ್ಟಡದ ವಿನ್ಯಾಸ ಮಾಡುವ ಕೆಲಸವನ್ನು ಬೇರೆಯವರಿಗೆ ನಿಷೇಧಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ಹೊಸಪೇಟೆಯ ಒಂದು ಬಡಾವಣೆಯಲ್ಲಿ 30×40 ಸೈಟಿಗೆ ಮನೆ ಕಟ್ಟುವವರು ಇದನ್ನು ತೀರ್ಪಿಗೆ ಮುಂಚಿನಿಂದಲೂ ಬಲ್ಲರು. ನಗರಸಭೆಗೆ ಕೊಡುವ ಪ್ಲಾನನ್ನು ಪರಿಚಯದ ಎಂಜಿನಿಯರ್ ಬರೆದುಕೊಡುತ್ತಾರೆ. ಮಿಕ್ಕಿದ್ದನ್ನು ಮೇಸ್ತ್ರಿ ನೋಡಿಕೊಳ್ಳುತ್ತಾನೆ. ಐದು ವರ್ಷ ಓದಿದ ಆರ್ಕಿಟೆಕ್ಟ್ ಈ ಪೇಟೆಯಲ್ಲಿ ಮೊದಲು ತನ್ನ ಕೆಲಸ ಏನೆಂದು ಗಿರಾಕಿಗೆ ತಿಳಿಸಿ ಹೇಳಬೇಕು. ಫೀಸಿನ ಮಾತು ಅದಾದ ಮೇಲಿನದು.

ಬ್ಯಾಂಕಿನ ಲೆಕ್ಕ

ಶಿಕ್ಷಣ ಸಾಲದ ಈಗಿನ ಚೌಕಟ್ಟು 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆಯಿಂದ ಬಂದದ್ದು. ನಾಲ್ಕು ಲಕ್ಷ ರೂಪಾಯಿವರೆಗೆ ಬ್ಯಾಂಕು ಆಸ್ತಿ ಅಡಮಾನ ಕೇಳುವಂತಿಲ್ಲ. ಏಳೂವರೆ ಲಕ್ಷದವರೆಗಿನ ಸಾಲಕ್ಕೆ 2015ರಿಂದ ಕೇಂದ್ರದ ಖಾತರಿ ನಿಧಿ ಇದೆ. ಅದನ್ನು ದಾಟಿದರೆ ಮನೆಯದೋ ಹೊಲದ್ದೋ ಕಾಗದ ಮುಂದಿಡಬೇಕಾಗುತ್ತದೆ. ಕೋರ್ಸಿನ ಅವಧಿ ಮತ್ತು ಅದರ ಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ. ಆ ಬಳಿಕ 15 ವರ್ಷದವರೆಗೆ ತೀರಿಸಬಹುದು. ಕಂತು ಇಲ್ಲದ ಕಾಲದಲ್ಲೂ ಬಡ್ಡಿ ಓಡುತ್ತಲೇ ಇರುತ್ತದೆ ಎಂಬುದನ್ನು ಮನೆಯವರು ಮರೆಯುವುದು ಇಲ್ಲೇ.

ಒಂದು ಉದಾಹರಣೆ ಹಾಕೋಣ. ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಬಿ.ಆರ್ಕ್ ವಿದ್ಯಾರ್ಥಿನಿ ವರ್ಷಕ್ಕೆ ಒಂದೂವರೆ ಲಕ್ಷದಂತೆ ಐದು ವರ್ಷಕ್ಕೆ 7.5 ಲಕ್ಷ ತೆಗೆದುಕೊಂಡಳು. ಮೊದಲ ವರ್ಷದ ಹಣದ ಮೇಲೆ ಆರು ವರ್ಷ, ಎರಡನೆಯದರ ಮೇಲೆ ಐದು ವರ್ಷ, ಹೀಗೆ ಸರಳ ಬಡ್ಡಿಯೇ 3 ಲಕ್ಷ ಆಗುತ್ತದೆ. ಕಂತು ಶುರುವಾಗುವ ದಿನ ಅವಳ ಲೆಕ್ಕದಲ್ಲಿ 10.5 ಲಕ್ಷ ನಿಂತಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ 13,876 ರೂಪಾಯಿ. ಒಟ್ಟು ಸುಮಾರು 16.65 ಲಕ್ಷ. ಹದಿನೈದು ವರ್ಷಕ್ಕೆ ಎಳೆದರೆ ಕಂತು 11,283ಕ್ಕೆ ಇಳಿಯುತ್ತದೆ, ಒಟ್ಟು ಕಟ್ಟುವುದು 20.31 ಲಕ್ಷಕ್ಕೆ ಏರುತ್ತದೆ. ಆ 15 ವರ್ಷದ ಮೊದಲ ಕಂತಿನಲ್ಲಿ 8,750 ರೂಪಾಯಿ ಬಡ್ಡಿಗೆ ಹೋಗಿ, ಅಸಲಿಗೆ ತಲುಪುವುದು 2,533 ಮಾತ್ರ.

ಈಗ ಮನೆಯಿಂದಲೇ ಓಡಾಡಿ ಬಿಇ ಸಿವಿಲ್ ಓದುವ ಹುಡುಗ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ. ಐದು ವರ್ಷದ ಹೊತ್ತಿಗೆ ಬಡ್ಡಿ 1.4 ಲಕ್ಷ, ಒಟ್ಟು 5.4 ಲಕ್ಷ. ಹತ್ತು ವರ್ಷಕ್ಕೆ ಕಂತು 7,136. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಿದವನಿಗೆ ಮೂರೇ ವರ್ಷದ ಸಾಲ ಸಾಕು: ಮೂರು ಲಕ್ಷ ಅಸಲು, 90 ಸಾವಿರ ಬಡ್ಡಿ, ಕಂತು 5,154. ಡಿಪ್ಲೊಮಾ ಎಂದರೆ ಮೂಗು ಮುರಿಯುವವರು ಈ ಮೂರು ಕಂತುಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಬೇಕು.

ಕಂತು ಹೊರಲಾರದಷ್ಟು ಭಾರವೇ ಎಂದು ತಿಳಿಯಲು ಒಂದು ಒರಟು ಅಳತೆ ಸಾಕು. ಕೈಗೆ ಬರುವ ಮೊದಲ ಸಂಬಳದ ಕಾಲುಭಾಗವನ್ನು ಕಂತು ಮೀರಬಾರದು. ಮಿಕ್ಕ ಮುಕ್ಕಾಲಿನಲ್ಲಿ ಬಾಡಿಗೆ, ಊಟ, ಬಟ್ಟೆ, ಮನೆಗೆ ಕಳಿಸುವ ಹಣ ನಡೆಯಬೇಕು. ಈ ಅಳತೆಯಲ್ಲಿ 13,876ರ ಕಂತಿಗೆ ಸುಮಾರು 55,500 ರೂಪಾಯಿ ಸಂಬಳ ಬೇಕು. ಸಿವಿಲ್ ಹುಡುಗನ 7,136ಕ್ಕೆ 28,500 ಸಾಕು. ಡಿಪ್ಲೊಮಾ ದಾರಿಯವನಿಗೆ 20,600.

ಕಾಸು ಎಲ್ಲಿದೆ, ಕೆಲಸ ಎಲ್ಲಿದೆ

ಕೆಲಸಕ್ಕೆ ಈ ಸೀಮೆಯಲ್ಲಿ ಬರವಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ನಾಲ್ಕಾರು ಜಿಲ್ಲೆಗಳ ರೈತರು ಎದೆ ಹಿಡಿದುಕೊಂಡು ಕೂತಿದ್ದರು. ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ನೀರು ನಿಲ್ಲಿಸಲಾಯಿತು. ಆಮೇಲೆ 33 ಗೇಟುಗಳನ್ನೂ ಬದಲಾಯಿಸುವ ತೀರ್ಮಾನವಾಯಿತು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ಹರಿಸಿದ ಅಣೆಕಟ್ಟಿಗೆ, ಅದಕ್ಕಿಂತ ನಾಲ್ಕೈದು ಶತಮಾನ ಹಳೆಯ ವಿಜಯನಗರ ಕಾಲುವೆಗಳಿಗೆ ದುರಸ್ತಿ ಎಂದೂ ಮುಗಿಯುವುದಿಲ್ಲ. ತೋರಣಗಲ್ಲಿನಲ್ಲಿ ದೇಶದ ಅತಿದೊಡ್ಡ ಉಕ್ಕು ಸ್ಥಾವರಗಳಲ್ಲಿ ಒಂದಾದ ಜೆಎಸ್‌ಡಬ್ಲ್ಯು ಇದೆ, ದೋಣಿಮಲೈಯಲ್ಲಿ ಎನ್‌ಎಂಡಿಸಿ ಇದೆ. 2021ರಲ್ಲಿ ಹೊಸಪೇಟೆ ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿ, ಆಸ್ಪತ್ರೆ, ವಸತಿಗೃಹಗಳ ಕೆಲಸವೂ ಕೂಡಿಕೊಂಡಿದೆ.

ಇವೆಲ್ಲ ಹೆಚ್ಚಾಗಿ ಕರೆಯುವುದು ಸಿವಿಲ್, ಮೆಕ್ಯಾನಿಕಲ್ ಪದವೀಧರರನ್ನು. ಸಂವಿಧಾನದ 371(ಜೆ) ವಿಧಿಯೂ ಇಲ್ಲಿ ಅವರ ಬೆನ್ನಿಗಿದೆ. ಅವಿಭಜಿತ ಬಳ್ಳಾರಿ ಜಿಲ್ಲೆ ಅದರ ವ್ಯಾಪ್ತಿಗೆ ಬರುವುದರಿಂದ ಹೊಸಪೇಟೆ, ಸಂಡೂರು, ಕಂಪ್ಲಿ ಮೂರೂ ತಾಲ್ಲೂಕಿನ ಅರ್ಹರಿಗೆ ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟುಗಳ ಮೀಸಲಾತಿ ಇದೆ; ಸ್ಥಳೀಯ ವೃಂದದ ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ಬಿಗೆ ಶೇ 75, ಗ್ರೂಪ್ ಸಿಗೆ ಶೇ 80. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಲ್ಲಿ ಜಾರಿಯಾಗುವ ಮುಂಚಿನ ಶ್ರೇಣಿಯಲ್ಲೇ ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರ್‌ಗೆ 43,100, ಕಿರಿಯ ಎಂಜಿನಿಯರ್‌ಗೆ 33,450 ರೂಪಾಯಿ ಮೂಲವೇತನವಿತ್ತು. ಈಗ ಅದಕ್ಕಿಂತ ಹೆಚ್ಚು. ಅಧಿಸೂಚನೆ, ಪರೀಕ್ಷೆ, ಕೋರ್ಟು ದಾಟಿ ಆದೇಶ ಕೈಗೆ ಬರುವ ಹೊತ್ತಿಗೆ ವರ್ಷಗಳು ಉರುಳುತ್ತವೆ ಎಂಬುದು ಬೇರೆ ಮಾತು. ಬ್ಯಾಂಕಿನ ಹದಿಮೂರನೇ ತಿಂಗಳು ಅಷ್ಟು ಕಾಯುವುದಿಲ್ಲ.

ಆರ್ಕಿಟೆಕ್ಟ್‌ನ ಹಾದಿಯೇ ಬೇರೆ. ಐದು ವರ್ಷದ ಓದಿನಲ್ಲಿ ಒಂದು ಸೆಮಿಸ್ಟರ್ ಯಾವುದಾದರೂ ಕಚೇರಿಯಲ್ಲಿ ತರಬೇತಿ. ಅಲ್ಲಿ ಸ್ಟೈಪೆಂಡ್ ಸಿಕ್ಕರೆ ಪುಣ್ಯ. ಪದವಿಯ ನಂತರ ಹಿರಿಯರ ಕೈಕೆಳಗೆ ಕೆಲವು ವರ್ಷ ಡ್ರಾಯಿಂಗ್ ಬರೆಯುತ್ತ, ಸೈಟು ಸುತ್ತುತ್ತ ಕಲಿಯಬೇಕು. ಸ್ವಂತ ಹೆಸರು ಊರಲ್ಲಿ ನಿಂತು ಗಿರಾಕಿ ಹುಡುಕಿಕೊಂಡು ಬರುವ ಹೊತ್ತಿಗೆ ವಯಸ್ಸು ಮೂವತ್ತು ದಾಟಿರುತ್ತದೆ. ತೆಂಗಿನ ಸಸಿಗೆ ನೆಟ್ಟ ಮರುವರ್ಷವೇ ಕಾಯಿ ಕೇಳಿದ ಹಾಗೆ ಬ್ಯಾಂಕು ಈ ಕಸುಬಿನವರ ಬಾಗಿಲು ತಟ್ಟುತ್ತದೆ. ಸರ್ಕಾರ ಬರೆದಿಟ್ಟ ಕನಿಷ್ಠ ಮೊತ್ತಗಳನ್ನು ನೋಡಿದರೆ ಅಂತರ ಗೊತ್ತಾಗುತ್ತದೆ. 2019ರ ನಿಯಮದಂತೆ ಪದವೀಧರ ಅಪ್ರೆಂಟಿಸ್‌ಗೆ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000. ಕರ್ನಾಟಕದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000. ನಮ್ಮ ಉದಾಹರಣೆಯ ವಿದ್ಯಾರ್ಥಿನಿಯ ಸಾಲಕ್ಕೆ ಕೋರ್ಸ್ ಮುಗಿದ ವರ್ಷ ಬರಿಯ ಬಡ್ಡಿಯೇ ತಿಂಗಳಿಗೆ 6,250 ಬೀಳುತ್ತಿರುತ್ತದೆ.

ಹಂಪಿಗೆ ಬೇಕು, ಸಂಬಳ ಯಾರದು?

ಹಾಗಾದರೆ ಈ ಸೀಮೆಗೆ ಆರ್ಕಿಟೆಕ್ಟ್ ಬೇಡವೇ? ಕರ್ನಾಟಕದಲ್ಲಿ ಅವರು ಇಷ್ಟು ಬೇಕಾದ ಜಾಗ ಇನ್ನೊಂದು ಸಿಗುವುದು ಕಷ್ಟ.

ಹಂಪಿ 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ತಳವಾರಘಟ್ಟದಿಂದ ಆನೆಗೊಂದಿಗೆ ನದಿಯ ಮೇಲೆ ಕಟ್ಟುತ್ತಿದ್ದ ಸೇತುವೆ ಅದಕ್ಕೆ ಮುಖ್ಯ ಕಾರಣ. ದಾಟಲು ಹರಿಗೋಲು ಬಿಟ್ಟರೆ ಗತಿಯಿಲ್ಲದ ಜನಕ್ಕೆ ಸೇತುವೆ ಬೇಕಿತ್ತು. ಪರಂಪರೆ ಕಾಯುವವರಿಗೆ ಅದು ಆ ಜಾಗದಲ್ಲಿ ಬೇಡವಾಗಿತ್ತು. ಎಂಜಿನಿಯರಿಂಗ್ ಒಂದು ದಿಕ್ಕು, ಪರಂಪರೆಯ ಕಣ್ಣು ಇನ್ನೊಂದು ದಿಕ್ಕು ಹಿಡಿದು ವರ್ಷಗಟ್ಟಲೆ ಕೆಲಸ ನಿಂತಿತು. ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಕಟ್ಟುತ್ತಿದ್ದಾಗಲೇ ಕುಸಿದು ಕಾರ್ಮಿಕರ ಪ್ರಾಣ ಹೋಯಿತು. ಅದಕ್ಕೂ ಮುಂಚೆ, 2006ರಲ್ಲೇ, ಹಂಪಿ ಅಪಾಯದ ಪಟ್ಟಿಯಿಂದ ಹೊರಬಂದಿತ್ತು.

ಇಂಥ ತಿಕ್ಕಾಟ ಇಲ್ಲಿ ದಿನದಿನದ್ದು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ 2002ರ ಕಾಯ್ದೆಯ ವ್ಯಾಪ್ತಿಗೆ ಸುಮಾರು 236 ಚದರ ಕಿಲೋಮೀಟರ್, 29 ಹಳ್ಳಿಗಳು ಬರುತ್ತವೆ. ಪುರಾತತ್ವ ಕಾಯ್ದೆಯ 2010ರ ತಿದ್ದುಪಡಿ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದು ಗೆರೆ ಎಳೆದಿದೆ. ಕಮಲಾಪುರದಲ್ಲೋ ಆನೆಗೊಂದಿಯಲ್ಲೋ ಸೋರುವ ಮಾಳಿಗೆ ಬಿಚ್ಚಿ ಎರಡು ಕೋಣೆ ಹಾಕಿಸುವ ಸಂಸಾರಕ್ಕೂ ಅನುಮತಿ, ನಕ್ಷೆ, ಎತ್ತರದ ಮಿತಿ ಎಲ್ಲ ಕಾಡುತ್ತವೆ. ಹಳೆ ಮನೆಯ ಲಕ್ಷಣ ಉಳಿಸಿ ಹೊಸ ಪಾಯಿಖಾನೆ, ಗ್ಯಾಸ್ ಕಟ್ಟೆ ಕೂಡಿಸಿಕೊಡುವ ಆರ್ಕಿಟೆಕ್ಟ್ ಅವರಿಗೆ ಬೇಕು. ಕೊಡಲು ಅವರ ಹತ್ತಿರ ಫೀಸು ಇಲ್ಲ. ಸಂಶೋಧಕರಾದ ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ 1980ರಿಂದ ಎರಡು ದಶಕ ಹಂಪಿಯ ಒಂದೊಂದು ಗೋಡೆಯನ್ನೂ ಅಳೆದು ದಾಖಲಿಸಿದರು. ಅದು ಸಂಶೋಧನಾ ಯೋಜನೆಯಾಗಿ ನಡೆದದ್ದು, ಊರಿನ ಹುಡುಗರಿಗೆ ಖಾಯಂ ಉದ್ಯೋಗವಾಗಿ ಅಲ್ಲ. ದೊಡ್ಡ ಕಂಪನಿಗಳು ಕಟ್ಟಿಸುವ ಒಳ್ಳೆಯ ಕಟ್ಟಡಗಳೂ ಇವೆ: ತೋರಣಗಲ್ಲಿನ ವಿದ್ಯಾನಗರದಲ್ಲಿ 2024ರಲ್ಲಿ ತೆರೆದ ಹಂಪಿ ಆರ್ಟ್ ಲ್ಯಾಬ್ಸ್ ಅಂಥದ್ದು. ಅದರ ವಿನ್ಯಾಸ ಮುಂಬೈಯ ಸಮೀಪ್ ಪಡೋರಾ ಅವರ ಕಚೇರಿಯದು.

ಸಮಾಜಕ್ಕೆ ಬೇಕಾದಷ್ಟು, ಮಾರುಕಟ್ಟೆ ಸಂಬಳ ಕೊಡುವಷ್ಟು, ಇವೆರಡರ ನಡುವಿನ ಕಂದಕವನ್ನು ಈಗ ತುಂಬುತ್ತಿರುವುದು ವಿದ್ಯಾರ್ಥಿಯ ಸಾಲ.

ಗಣಿಯ ಸುಗ್ಗಿ, ಹೊಲದ ಸುಗ್ಗಿ

ಸಿವಿಲ್ ಓದಿದವರೂ ನಿಶ್ಚಿಂತರೆಂದು ತಿಳಿಯಬಾರದು. ಹದಿನೈದು ವರ್ಷದ ಸಾಲ ತೆಗೆದುಕೊಳ್ಳುವವರು ಸಂಡೂರಿನ ಹದಿನೈದು ವರ್ಷವನ್ನು ನೆನೆಯಬೇಕು. ಚೀನಾದ ಬೇಡಿಕೆ ಏರಿ ಅದಿರಿನ ಬೆಲೆ ಮುಗಿಲು ಮುಟ್ಟಿದ ಕಾಲದಲ್ಲಿ ಲಾರಿ ಇದ್ದವನೂ ಸಾಹುಕಾರ, ಸರ್ವೆ ಬಲ್ಲವನಿಗೆ ಕೇಳಿದಷ್ಟು ಸಂಬಳ. 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಸಲ್ಲಿಕೆಯಾಯಿತು. ಎರಡೇ ದಿನಕ್ಕೆ, 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅಕ್ರಮ ಅತಿ ಹೆಚ್ಚಿದ್ದ ‘ಸಿ’ ವರ್ಗದ ಗಣಿ ಗುತ್ತಿಗೆಗಳು ರದ್ದಾದವು. ‘ಎ’, ‘ಬಿ’ ವರ್ಗದವು ಷರತ್ತಿನ ಮೇಲೆ ನಡೆಯತೊಡಗಿದವು. ಸರ್ಕಾರಿ ಕಂಪನಿಯೆಂಬ ಭರವಸೆಯೂ ಪೂರ್ತಿ ಗಟ್ಟಿಯಲ್ಲ: ಎನ್‌ಎಂಡಿಸಿಯ ದೋಣಿಮಲೈ ಗಣಿ 2018ರ ನವೆಂಬರ್‌ನಲ್ಲಿ ನಿಂತು 2021ರ ಫೆಬ್ರುವರಿಯಲ್ಲಿ ಮತ್ತೆ ಶುರುವಾಯಿತು. ಜಲಾಶಯಗಳ ಗೇಟು ತಯಾರಿಸುತ್ತಿದ್ದ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸಂಪುಟ 2015ರ ಡಿಸೆಂಬರ್‌ನಲ್ಲಿ ಒಪ್ಪಿತು. ಒಳ್ಳೆಯ ವರ್ಷದ ಸಂಬಳ ನೋಡಿ ಸಾಲದ ಮೊತ್ತ ನಿರ್ಧರಿಸಿದವರು ಕೆಟ್ಟ ವರ್ಷದಲ್ಲಿ ಕಂತು ಕಟ್ಟಬೇಕಾಗುತ್ತದೆ.

ಕಂಪ್ಲಿಯ ಭತ್ತ, ಕಬ್ಬು, ಬಾಳೆಯ ಮನೆಗಳಿಗೆ ಇನ್ನೊಂದು ಪೇಚು. ಅಲ್ಲಿ ದುಡ್ಡು ಬರುವುದು ಸುಗ್ಗಿಗೆ, ಕಂತು ಬರುವುದು ತಿಂಗಳಿಗೆ. ಎರಡನೇ ಬೆಳೆಗೆ ಕಾಲುವೆ ನೀರು ಬಿಡದ ವರ್ಷ ವರಮಾನ ಅರ್ಧಕ್ಕೆ ಇಳಿಯುತ್ತದೆ. ಶಿಕ್ಷಣ ಸಾಲಕ್ಕೆ ತಂದೆಯೋ ತಾಯಿಯೋ ಸಹಸಾಲಗಾರರಾಗಿ ಸಹಿ ಹಾಕಿರುತ್ತಾರೆ. ಮಗಳ ಕಂತು ಮೂರು ತಿಂಗಳು ತಪ್ಪಿದರೆ ಕೆಡುವುದು ಅಪ್ಪನ ಸಿಬಿಲ್ ಅಂಕ. ಮುಂದಿನ ಟ್ರ್ಯಾಕ್ಟರ್ ಸಾಲಕ್ಕೋ ಬೆಳೆ ಸಾಲಕ್ಕೋ ಬ್ಯಾಂಕಿನ ಮುಂದೆ ನಿಂತಾಗ ಅದು ಎದುರಾಗುತ್ತದೆ. ಆಗ ಟ್ರಂಕಿನ ಬಂಗಾರ ಅಡವಿಗೆ ಹೋಗುತ್ತದೆ, ಅದೂ ಸಾಲದೆ ಹೋದರೆ ಕೈಗಡ.

ರಾಯರ ಕೆರೆಯ ಒಂಬತ್ತು ವರ್ಷ

ಸಾಲದ ಆಕಾರವನ್ನೇ ಬದಲಾಯಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹೊಸಪೇಟೆಯ ಚರಿತ್ರೆಯಲ್ಲೇ ಇದೆ. ಸಂಡೂರು ಬೆಟ್ಟಸಾಲಿನ ಬಾಯಿಗೆ ಅಡ್ಡವಾಗಿ ಕೃಷ್ಣದೇವರಾಯ ಕಟ್ಟಿಸಿದ ದೊಡ್ಡ ಕೆರೆಯ ಕೆಲಸವನ್ನು ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ 1520ರ ಸುಮಾರಿನಲ್ಲಿ ಕಣ್ಣಾರೆ ಕಂಡ; ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದರೆಂದು ಬರೆದ. ಕೆಲವು ವರ್ಷದ ಮೇಲೆ ಬಂದ ಫೆರ್ನಾವ್ ನೂನಿಜ್ ಇನ್ನಷ್ಟು ವಿವರ ಕೊಡುತ್ತಾನೆ. ಗೋವೆಯ ಗವರ್ನರ್ ಕಳಿಸಿದ ಜೊವಾಂವ್ ದೆಲ್ಲಾ ಪೊಂಟೆ ಎಂಬ ಕಲ್ಲುಕೆಲಸದ ನಿಪುಣನನ್ನು ಅರಸ ಆ ಕೆರೆಗೆ ತೊಡಗಿಸಿದ. ನೀರು ಬಂದ ಮೇಲೆ, ಅದರಿಂದ ಸಾಗುವಳಿಯಾಗುವ ಭೂಮಿಯನ್ನು ಜನ ಹದ ಮಾಡಿಕೊಳ್ಳಲಿ ಎಂದು ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟ. ನೂನಿಜ್ ಬರೆಯುವ ಹೊತ್ತಿಗೆ ಆ ಭೂಮಿಯ ಆದಾಯ 20,000 ಪರ್ದಾವ್ ನಾಣ್ಯ ಮುಟ್ಟಿತ್ತು.

ಆ ಕಾಲವನ್ನು ಹೊಗಳಬೇಕಿಲ್ಲ; ಕೆರೆ ನಿಲ್ಲಲೆಂದು ಕೈದಿಗಳನ್ನು ಬಲಿ ಕೊಟ್ಟ ಸುದ್ದಿಯನ್ನೂ ಅದೇ ಪ್ರವಾಸಿಗಳು ಬರೆದಿಟ್ಟಿದ್ದಾರೆ. ಆದರೆ ಖಜಾನೆಯ ಲೆಕ್ಕ ಜಾಣತನದ್ದು. ಹೊಸ ಗದ್ದೆ ಫಲ ಕೊಡಲು ವರ್ಷಗಳು ಬೇಕು. ಅಲ್ಲಿಯವರೆಗೆ ಕೇಳದೆ, ಆಮೇಲೆ ನಿರಂತರ ಪಡೆಯಬೇಕು.

ಈ ತರ್ಕವನ್ನು ಶಿಕ್ಷಣ ಸಾಲಕ್ಕೆ ಹೊಂದಿಸಿದ ದೇಶಗಳಿವೆ. ಆಸ್ಟ್ರೇಲಿಯಾ 1989ರಿಂದ, ಬ್ರಿಟನ್ 1998ರಿಂದ ನಡೆಸುತ್ತಿರುವ ವ್ಯವಸ್ಥೆಯಲ್ಲಿ ಪದವೀಧರರ ಆದಾಯ ಒಂದು ಮಟ್ಟ ದಾಟಿದ ಮೇಲೆ ಮಾತ್ರ ಸಾಲದ ಪಾಲು ಮುರಿದುಕೊಳ್ಳಲಾಗುತ್ತದೆ. ಕೆಲಸ ಹೋದರೆ ಕಡಿತ ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ 2023ರಿಂದ ಸೇರಿದವರಿಗೆ 40 ವರ್ಷದ ತನಕವೂ ಕಡಿತವಾಗಬಹುದು ಎಂಬ ದೂರೂ ಇದೆ. ದೀರ್ಘ ಕಾಲದ ಸಾಲ ಅಲ್ಲೂ ಹಗುರವಲ್ಲ. ಆದರೂ ಹದಿಮೂರನೇ ತಿಂಗಳ ಭಯ ಅಲ್ಲಿಲ್ಲ. ತಡವಾಗಿ ಫಲ ಕೊಡುವ ಆರ್ಕಿಟೆಕ್ಚರ್‌ನಂಥ ಕಸುಬಿಗೆ ನಮ್ಮ ಒಂದು ವರ್ಷದ ಬಿಡುವು ಸಾಲದು ಎಂದು ಕೇಳಲು ಇಷ್ಟು ಆಧಾರ ಸಾಕು.

ಈಗಲೇ ಕೈಗೆಟುಕುವುದು

ಕಾನೂನು ಬದಲಾಗುವ ತನಕ ಮನೆಯವರು ಮಾಡಬಹುದಾದ ಕೆಲಸಗಳಿವೆ. ಮೊದಲನೆಯದು ಬಡ್ಡಿ ಸಹಾಯಧನ. ಕುಟುಂಬದ ವರಮಾನ ವರ್ಷಕ್ಕೆ 4.5 ಲಕ್ಷದೊಳಗಿದ್ದು, ಕಾಲೇಜು ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆಯಂಥ ಷರತ್ತು ಪೂರೈಸಿದರೆ, 2009ರಿಂದ ನಡೆದಿರುವ ಕೇಂದ್ರದ ಯೋಜನೆಯಲ್ಲಿ ಬಿಡುವಿನ ಕಾಲದ ಪೂರ್ತಿ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ. ನಮ್ಮ ಉದಾಹರಣೆಯ ವಿದ್ಯಾರ್ಥಿನಿಗೆ ಇದು ಸಿಕ್ಕರೆ 3 ಲಕ್ಷ ಬಡ್ಡಿ ಅಳಿದು, ಸಾಲ 7.5 ಲಕ್ಷದಲ್ಲೇ ನಿಲ್ಲುತ್ತದೆ. ಕಂತು 13,876ರಿಂದ 9,911ಕ್ಕೆ ಇಳಿಯುತ್ತದೆ. ತಹಶೀಲ್ದಾರ್ ಕಚೇರಿಯ ಒಂದು ವರಮಾನ ಪ್ರಮಾಣಪತ್ರದ ಬೆಲೆ ಹತ್ತು ವರ್ಷ ತಿಂಗಳಿಗೆ 3,965 ರೂಪಾಯಿ. 2024ರ ನವೆಂಬರ್ 6ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷ ವರಮಾನದವರೆಗೆ ಶೇ 3ರ ಬಡ್ಡಿ ರಿಯಾಯಿತಿ ಇದೆ. ಅದು ರ‍್ಯಾಂಕಿಂಗ್‌ನಲ್ಲಿ ಮುಂದಿರುವ ಸಂಸ್ಥೆಗಳಿಗೆ ಸೀಮಿತ. ಸೀಟು ಆರಿಸುವ ಮುನ್ನ ಕಾಲೇಜಿನ ಹೆಸರು ಆ ಪಟ್ಟಿಯಲ್ಲಿದೆಯೇ ನೋಡಬೇಕು. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ಅರಿವು ಸಾಲ ಶೇ 2ರ ದರದ್ದು. ಅದು ಸಿಗುವಷ್ಟನ್ನು ಮೊದಲು ತೆಗೆದುಕೊಂಡು, ಕೊರತೆಗೆ ಮಾತ್ರ ಬ್ಯಾಂಕಿಗೆ ಹೋಗುವುದು ಲೇಸು.

ಸಹಾಯಧನಕ್ಕೆ ಅರ್ಹತೆ ಇಲ್ಲದವರು ಓದುವಾಗಲೇ ಬಡ್ಡಿ ಕಟ್ಟುತ್ತ ಬರಬಹುದು. ಮೊದಲ ವರ್ಷ ತಿಂಗಳಿಗೆ 1,250, ಎರಡನೇ ವರ್ಷ 2,500, ಮೂರನೇ ವರ್ಷ 3,750. ಹೀಗೆ ಕಟ್ಟುವವರಿಗೆ ಮಾದರಿ ಯೋಜನೆಯಲ್ಲಿ ಶೇ 1ರ ರಿಯಾಯಿತಿಗೂ ಅವಕಾಶವಿದೆ. ಶಾಖೆಯಲ್ಲಿ ಬಾಯಿಬಿಟ್ಟು ಕೇಳಬೇಕು.

ಇನ್ನು ದತ್ತಿ ಇಡುವ ಮನಸ್ಸಿನವರಿಗೆ ಒಂದು ಲೆಕ್ಕ. ಬಿ.ಆರ್ಕ್ ವಿದ್ಯಾರ್ಥಿನಿಯ ಆರು ವರ್ಷದ 3 ಲಕ್ಷ ಬಡ್ಡಿಯನ್ನು ಸರಾಸರಿ ಮಾಡಿದರೆ ವರ್ಷಕ್ಕೆ 50,000. ಠೇವಣಿಗೆ ಶೇ 6 ಬಡ್ಡಿ ಬರುವುದಾದರೆ 8.34 ಲಕ್ಷದ ದತ್ತಿ ಅಷ್ಟನ್ನು ವರ್ಷವರ್ಷ ಕೊಡುತ್ತದೆ. ಅಸಲಿಗೆ ಕೈ ಹಚ್ಚದೆ, ಆರು ವರ್ಷಕ್ಕೊಬ್ಬರಂತೆ, ಒಬ್ಬೊಬ್ಬ ವಿದ್ಯಾರ್ಥಿಯ ಪೂರ್ತಿ ಬಡ್ಡಿಯನ್ನು ಅದು ಹೊರಬಲ್ಲದು. ಮೊದಲ ರ‍್ಯಾಂಕಿಗೆ ಪದಕ ಕೊಡುವ ದತ್ತಿಗಳ ಪಕ್ಕದಲ್ಲಿ ಇಂಥ ಒಂದೆರಡು ಇದ್ದರೆ ಎರಡನೇ, ಹತ್ತನೇ ರ‍್ಯಾಂಕಿನ ಮಕ್ಕಳಿಗೂ ಉಸಿರಾಡಲು ಜಾಗ ಸಿಗುತ್ತದೆ.

ಕಾಲೇಜುಗಳು ಮಾಡಬೇಕಾದದ್ದು ಇನ್ನೂ ಸುಲಭ. ಪ್ರವೇಶದ ದಿನ ಹಂಚುವ ಬಣ್ಣದ ಪುಸ್ತಿಕೆಯಲ್ಲಿ ಅತಿ ಹೆಚ್ಚು ಸಂಬಳ ಪಡೆದ ಒಬ್ಬಿಬ್ಬರ ಫೋಟೊ ಇರುತ್ತದೆ. ಮೂರು ವರ್ಷ ಹಿಂದೆ ಮುಗಿಸಿದ ತರಗತಿಯಲ್ಲಿ ಎಷ್ಟು ಜನ ಕಟ್ಟಡದ ಕೆಲಸದಲ್ಲಿದ್ದಾರೆ, ಎಷ್ಟು ಜನ ಸಾಫ್ಟ್‌ವೇರ್‌ಗೆ ಹೋದರು, ಸಾಲಿನ ನಡುವೆ ನಿಂತವರ ಸಂಬಳ ಎಷ್ಟು ಎಂಬ ಮೂರು ಸಾಲನ್ನು ನೋಟಿಸ್ ಬೋರ್ಡಿಗೆ ಹಚ್ಚಿದರೆ ತಂದೆತಾಯಿಗಳಿಗೆ ಅದು ಪುಸ್ತಿಕೆಗಿಂತ ಹೆಚ್ಚು ಉಪಯೋಗ.

ಕೊನೆಯದಾಗಿ ಸಾರ್ವಜನಿಕ ಹಣ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಸುಪ್ರೀಂ ಕೋರ್ಟ್ ಉಸ್ತುವಾರಿಯಲ್ಲಿ ಅದರ ಮುಂದಿರುವ ಯೋಜನೆ ಸುಮಾರು 25 ಸಾವಿರ ಕೋಟಿ ರೂಪಾಯಿಯದು. ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. ಶಾಲೆ, ಆಸ್ಪತ್ರೆ, ರಸ್ತೆ ಕಟ್ಟುವ ಈ ಹಣದಲ್ಲಿ ನಕ್ಷೆ ಬರೆಯುವ ಕೈಗಳಿಗೂ ಪಾಲಿರಬೇಕು. ಬಿ.ಆರ್ಕ್ ಮತ್ತು ಸಿವಿಲ್ ಓದುವ ಇಲ್ಲಿನ 20 ಮಕ್ಕಳಿಗೆ ಆರು ತಿಂಗಳು, ತಿಂಗಳಿಗೆ 15,000 ಸ್ಟೈಪೆಂಡ್ ಕೊಟ್ಟರೆ ವರ್ಷಕ್ಕೆ 18 ಲಕ್ಷ ಸಾಕು. ಅವರಿಗೆ ಒಪ್ಪಿಸಲು ಕೆಲಸ ಸಿದ್ಧವಿದೆ: ಕಮಲಾಪುರದ ಸೋರುವ ಮಾಳಿಗೆಮನೆಗಳಿಗೆ ಪ್ರಾಧಿಕಾರ ಒಪ್ಪುವಂಥ ದುರಸ್ತಿ ನಕ್ಷೆ, ಕಂಪ್ಲಿ ಕೋಟೆಯ ಅಳತೆ, ಸಂಡೂರಿನ ಗಣಿಹಳ್ಳಿಗಳಲ್ಲಿ ದೂಳು ಒಳಬರದ ಅಂಗನವಾಡಿಯ ವಿನ್ಯಾಸ. ಮೊದಲ ತಂಡಕ್ಕೆ ಬರುವ ಶೈಕ್ಷಣಿಕ ವರ್ಷದ ತರಬೇತಿ ಸೆಮಿಸ್ಟರೇ ಸರಿಯಾದ ಹೊತ್ತು. ಅದಕ್ಕೆ ಜಿಲ್ಲಾಡಳಿತಕ್ಕೆ ಕೊಡಬೇಕಾದ ಮನವಿಯ ಕರಡು ಸಭಾಂಗಣದ ಹೊರಗಿನ ಮೇಜಿನ ಮೇಲಿದೆ. ತಂದೆತಾಯಿಗಳು ಓದಿ, ತಿದ್ದಿ, ಸಹಿ ಹಾಕಬಹುದು.